ಸರ್ಕಾರಿ ಕಟ್ಟಡದ ಮೇಲೆ ಯಾವ ಬಾವುಟ? ಕಂಬ ನೆಡುವುದರಿಂದ ಸಂಜೆ ಇಳಿಸುವವರೆಗೆ

ಅಕ್ಟೋಬರ್ 31ರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುಡುಗ. "ಸಾರ್, ಊರಿನ ಸಂಘದವರು ಬಂದು ಕೂತಿದ್ದಾರೆ. ನಾಳೆ ಬೆಳಿಗ್ಗೆ ಪಂಚಾಯಿತಿ ಮೇಲೆ ಕನ್ನಡ ಬಾವುಟ ಹಾರಿಸಬೇಕಂತೆ. ಅದೇ ಕಂಬಕ್ಕೆ, ರಾಷ್ಟ್ರಧ್ವಜದ ಕೆಳಗೆ ಕಟ್ಟಿದರೆ ಆಯ್ತಲ್ವಾ ಅಂತಾರೆ. ಏನ್ ಹೇಳ್ಲಿ?"

"ಬೇರೆ ಏನಾದರೂ ಮಾಡು, ಅದೇ ಕಂಬಕ್ಕೆ ಮಾತ್ರ ಬೇಡ ಕಣಪ್ಪ" ಅಂದೆ.

ನಾನು ಪಂಚಾಯಿತಿ ಕಾರ್ಯದರ್ಶಿಯಾಗಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಜನವರಿ, ಆಗಸ್ಟ್, ನವೆಂಬರ್ ಬಂತೆಂದರೆ ಇಂಥ ಫೋನು ತಪ್ಪಿದ್ದಲ್ಲ. ಇಷ್ಟು ವರ್ಷದಲ್ಲಿ ನಾನು ಕಂಡ ಬಾವುಟದ ಜಗಳಗಳಲ್ಲಿ ಯಾರೂ ಬಾವುಟವನ್ನು ಅವಮಾನ ಮಾಡಲು ಹೊರಟವರಲ್ಲ. ಕಂಬ ಯಾರದ್ದು, ಅದರ ಮೇಲೆ ಯಾವ ಬಾವುಟ, ಸಂಜೆ ಹಗ್ಗ ಬಿಚ್ಚುವವರು ಯಾರು ಎನ್ನುವುದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಅಷ್ಟೇ. ಹಾಗಾಗಿ ಈ ಬರಹ ಪಿಡಿಒಗಳಿಗೆ, ಮುಖ್ಯೋಪಾಧ್ಯಾಯರಿಗೆ, ಕಚೇರಿ ಅಧೀಕ್ಷಕರಿಗೆ, ಅರ್ಜಿ ಹಿಡಿದು ಬರುವ ಸಂಘದವರಿಗೂ.

ಮೊದಲ ಹೆಜ್ಜೆ: ಯಾವ ಕಾಗದ ಏನು ಹೇಳುತ್ತದೆ

ಮೇಜಿನ ಮೇಲೆ ಎರಡು ಕಾಗದ ಇರಲಿ. ಒಂದು, ಭಾರತದ ಧ್ವಜ ಸಂಹಿತೆ. 2002ರ ಜನವರಿ 26ರಿಂದ ಜಾರಿಯಲ್ಲಿದೆ. ಇದರಲ್ಲಿ ಮೂರು ಭಾಗ. ಮೊದಲನೆಯದು ಬಾವುಟ ಹೇಗಿರಬೇಕು ಎನ್ನುವುದು. ಎರಡನೆಯದು ಜನಸಾಮಾನ್ಯರು, ಖಾಸಗಿ ಸಂಸ್ಥೆಗಳು, ಶಾಲೆಗಳು ಹಾರಿಸುವ ಬಗೆ. ಮೂರನೆಯದು ಕೇಂದ್ರ, ರಾಜ್ಯ ಸರ್ಕಾರಗಳಿಗೆ, ಅವುಗಳ ಅಂಗಸಂಸ್ಥೆಗಳಿಗೆ. ಸರ್ಕಾರಿ ಕಚೇರಿಯವರು ಈ ಮೂರನೇ ಭಾಗ ಓದಬೇಕು. ಬಹಳ ಜನ ವಾಟ್ಸಾಪಿನಲ್ಲಿ ಬಂದ ಎರಡನೇ ಭಾಗವನ್ನು ಓದಿ ಅದೇ ತಮಗೂ ಅನ್ವಯ ಅಂದುಕೊಳ್ಳುತ್ತಾರೆ. ಸೇನೆಯ ನೆಲೆಗಳಿಗೆ ಅವರದೇ ನಿಯಮಗಳಿವೆ, ಅದು ನಮ್ಮ ತಲೆನೋವಲ್ಲ.

ಎರಡು, 1971ರ ರಾಷ್ಟ್ರ ಗೌರವಕ್ಕೆ ಅವಮಾನ ತಡೆ ಕಾಯ್ದೆ. ಶಿಕ್ಷೆ ಇರುವುದು ಇದರಲ್ಲಿ. ಸಾರ್ವಜನಿಕ ಸ್ಥಳದಲ್ಲಿ ಅಥವಾ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ರಾಷ್ಟ್ರಧ್ವಜವನ್ನು ಸುಟ್ಟರೆ, ಹರಿದರೆ, ಅವಮಾನ ಮಾಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ ಕನಿಷ್ಠ ಒಂದು ವರ್ಷ.

ಇವೆರಡರ ತೂಕ ಒಂದೇ ಅಲ್ಲ. ಸಂಹಿತೆ ಎನ್ನುವುದು ಕೇಂದ್ರ ಸರ್ಕಾರದ ಸೂಚನೆಗಳ ಕಟ್ಟು, ಶಾಸನ ಅಲ್ಲ. ಬಾವುಟ ಹಾರಿಸುವ ಹಕ್ಕು ಕೇಳಿ ಕೋರ್ಟಿಗೆ ಹೋದ ಉದ್ಯಮಿ ನವೀನ್ ಜಿಂದಾಲ್ ಪ್ರಕರಣದಲ್ಲಿ 2004ರ ಜನವರಿ 23ರಂದು ಸುಪ್ರೀಂ ಕೋರ್ಟ್ ಹೀಗೆಂದೇ ಹೇಳಿತು. ಗೌರವದಿಂದ ಬಾವುಟ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕಿಗೆ ಸೇರಿದ್ದು ಎಂದೂ ಹೇಳಿತು. ಹಾಗಂತ ಕಚೇರಿಯವರು ಸಂಹಿತೆಯನ್ನು ಪಕ್ಕಕ್ಕಿಡುವಂತಿಲ್ಲ. ಪ್ರಜೆಗೆ ಅದು ಸಲಹೆಯಂತೆ ಕಂಡರೂ ನೌಕರನಿಗೆ ಅದು ಮೇಲಿನಿಂದ ಬಂದ ಸೂಚನೆಯೇ. ಜೈಲಾಗದಿದ್ದರೂ ನೋಟಿಸ್ ಗ್ಯಾರಂಟಿ.

ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಗೆರೆ ಎಳೆದಿಟ್ಟುಕೊಳ್ಳಿ. ಬಾವುಟವನ್ನು ತಲೆಕೆಳಗಾಗಿ ಹಾರಿಸುವುದು, ನೆಲಕ್ಕೆ ತಾಗಿಸುವುದು, ಇವು ಅಪರಾಧವಾಗಲು ಅದು 'ಬೇಕಂತಲೇ' ಮಾಡಿದ್ದಾಗಿರಬೇಕು. ಕೈತಪ್ಪಿ ಆದದ್ದಕ್ಕೂ ಬೇಕಂತಲೇ ಮಾಡಿದ್ದಕ್ಕೂ ಕಾನೂನು ವ್ಯತ್ಯಾಸ ಮಾಡುತ್ತದೆ. ಮೊಬೈಲ್ ಹಿಡಿದು ವಿಡಿಯೊ ಮಾಡುವವರು ಮಾಡುವುದಿಲ್ಲ.

ಎರಡನೇ ಹೆಜ್ಜೆ: ನಿಮ್ಮ ಕಟ್ಟಡ ಆ ಪಟ್ಟಿಯಲ್ಲಿದೆಯಾ

ಎಲ್ಲ ಸರ್ಕಾರಿ ಕಟ್ಟಡದ ಮೇಲೂ ದಿನವೂ ಬಾವುಟ ಇರಬೇಕು ಎಂಬ ನಿಯಮವೇನೂ ಇಲ್ಲ. ಮುಖ್ಯ ಕಟ್ಟಡಗಳ ಮೇಲೆ ಮಾತ್ರ ಎನ್ನುತ್ತದೆ ಸಂಹಿತೆ. ಹೈಕೋರ್ಟ್, ಸಚಿವಾಲಯ, ಕಮಿಷನರ್ ಕಚೇರಿ, ಜಿಲ್ಲಾಧಿಕಾರಿ ಕಚೇರಿ, ಜೈಲು, ಜಿಲ್ಲಾ ಪಂಚಾಯಿತಿ, ನಗರಸಭೆ, ಸಾರ್ವಜನಿಕ ಉದ್ಯಮಗಳ ಕಚೇರಿ, ಹೀಗೆ. ಗಡಿಯ ಕಸ್ಟಮ್ಸ್ ಠಾಣೆ, ಚೆಕ್‌ಪೋಸ್ಟ್ ಕೂಡ ಇವೆ. ಈ ಸಾಲಿನಲ್ಲಿ ಗ್ರಾಮ ಪಂಚಾಯಿತಿಯ ಹೆಸರಿಲ್ಲ. ಆದರೂ ನಮ್ಮ ಕಡೆ ಪಂಚಾಯಿತಿ ಕಚೇರಿಗಳ ಮೇಲೆ ದಿನವೂ ಬಾವುಟ ಹಾರಿಸುವ ರೂಢಿ ಬಂದಿದೆ.

ರೂಢಿ ಬಂದ ಮೇಲೆ ಅದು ಸುಮ್ನೆ ರೂಢಿಯಾಗಿ ಉಳಿಯುವುದಿಲ್ಲ. ಒಂದು ಕಟ್ಟಡದ ಮೇಲೆ ಬಾವುಟ ಹಾರಿಸುವ ಪರಿಪಾಠ ಇದ್ದರೆ ಭಾನುವಾರ, ರಜಾದಿನ, ಮಳೆ, ಬಿಸಿಲು ಏನೇ ಇರಲಿ, ಸೂರ್ಯ ಹುಟ್ಟುವಾಗ ಏರಿಸಿ ಮುಳುಗುವಾಗ ಇಳಿಸಬೇಕು ಎಂದು ಸಂಹಿತೆ ಹೇಳುತ್ತದೆ. ಬಹಳ ಕಚೇರಿಗಳು ಎಡವುವುದು ಇಲ್ಲೇ. ಸೋಮವಾರದಿಂದ ಶನಿವಾರ ಹಾರಿಸಿ ಭಾನುವಾರ ಬಿಡುವುದು, ಅಥವಾ ಶನಿವಾರ ಏರಿಸಿದ್ದನ್ನು ಸೋಮವಾರ ಬಂದು ನೋಡುವುದು. ಭಾನುವಾರ ಬರುವ ಜನ ಇಲ್ಲವೆಂದರೆ ಆ ಪರಿಪಾಠ ಶುರು ಮಾಡುವ ಮೊದಲೇ ಯೋಚಿಸಬೇಕು.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ರಾಜಭವನದ ಬಾವುಟ ರಾಜ್ಯಪಾಲರ ಜೊತೆ ಓಡಾಡುತ್ತದೆ. ಅವರು ಊರು ಬಿಟ್ಟು ಹೊರಟರೆ ಅಲ್ಲಿ ಇಳಿಸಬೇಕು, ಹೋದ ಊರಿನಲ್ಲಿ ಅವರು ತಂಗುವ ಕಟ್ಟಡದ ಮೇಲೆ ಏರಿಸಬೇಕು. ಜಿಲ್ಲಾ ಕೇಂದ್ರದ ಅತಿಥಿಗೃಹದ ಮೇಲೆ ಒಂದು ದಿನಕ್ಕೆ ಮಾತ್ರ ಬಾವುಟ ಕಂಡರೆ ಕಾರಣ ಇದಿರಬಹುದು.

ಮೂರನೇ ಹೆಜ್ಜೆ: ಕಂಬ

ಕಂಬ ಕಟ್ಟಡದ ಮೇಲಿರಲಿ, ಅಂಗಳದಲ್ಲಿರಲಿ, ಅದು ಎದ್ದು ಕಾಣುವ, ಗೌರವದ ಜಾಗವಾಗಿರಬೇಕು. ತುದಿಯ ರಾಟೆ ತಿರುಗಬೇಕು. ವರ್ಷಕ್ಕೆರಡು ಸಲ, ಜನವರಿ ಮತ್ತು ಆಗಸ್ಟಿಗೆ ಒಂದು ವಾರ ಮೊದಲು, ರಾಟೆಗೆ ಎಣ್ಣೆ ಹಾಕಿಸಿ, ಹಗ್ಗ ಬದಲಿಸಿ. ನೈಲಾನ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಒಂದು ಆಗಸ್ಟ್ 15ರಂದು ತುಂಬಿದ ಸಭೆಯ ಎದುರು ಹಗ್ಗ ತುಂಡಾಗಿ ಬಾವುಟ ಅರ್ಧದಲ್ಲೇ ನಿಂತು, ಅಟೆಂಡರ್ ಏಣಿ ಹುಡುಕಲು ಓಡಿದ್ದು ನನ್ನ ಕಣ್ಣಮುಂದೆಯೇ ಇದೆ. ಆ ಹಗ್ಗ ತಂದವನು ನಾನೇ. ಹತ್ತು ರೂಪಾಯಿ ಉಳಿಸಿದ್ದೆ.

ಕಂಬಕ್ಕೆ ಬಾವುಟ ಬಿಟ್ಟು ಬೇರೇನೂ ಬೇಡ. ಹೂವಿನ ಹಾರ, ಲಾಂಛನ, ಯಾವುದನ್ನೂ ಕಂಬದ ಮೇಲೆ ಇಡಬಾರದು ಎಂದು ಸಂಹಿತೆ ಬಿಡಿಸಿ ಹೇಳಿದೆ. ಗಣೇಶನ ಹಬ್ಬದಲ್ಲಿ ಶಾಮಿಯಾನದವನಿಗೆ ಹಗ್ಗ ಕಟ್ಟಲು ಅತಿ ಅನುಕೂಲದ ಜಾಗ ಎಂದರೆ ಧ್ವಜಕಂಬವೇ. ಸೀರಿಯಲ್ ಲೈಟಿನವನಿಗೂ ಅಷ್ಟೇ. ಅವರಿಗೆ ಮೊದಲೇ ಹೇಳಿಬಿಡಿ.

ನಾಲ್ಕನೇ ಹೆಜ್ಜೆ: ಬಾವುಟ ಕೊಳ್ಳುವುದು

ಉದ್ದ ಮೂರು ಪಾಲಿದ್ದರೆ ಅಗಲ ಎರಡು. ಇದು ಬದಲಾಗದ ಲೆಕ್ಕ. ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ, 6300×4200 ಮಿಲಿಮೀಟರಿನಿಂದ ಹಿಡಿದು ಮೇಜಿನ ಮೇಲಿಡುವ 150×100ರವರೆಗೆ. ಸಣ್ಣ ಕಚೇರಿಗೆ 900×600 ಸಾಕು, ಅಂದರೆ ಹೆಚ್ಚುಕಡಿಮೆ ಮೂರಡಿಗೆ ಎರಡಡಿ. ಎತ್ತರದ ಕಂಬವಾದರೆ 1350×900 ಅಥವಾ 1800×1200. ಕಂಬ ಚಿಕ್ಕದು, ಬಾವುಟ ದೊಡ್ಡದು ಮಾಡಿಕೊಂಡರೆ ಗಾಳಿ ಇಲ್ಲದ ದಿನ ಅದು ಗೋಡೆಗೆ ಉಜ್ಜಿ ಉಜ್ಜಿ ಅಂಚು ಹರಿಯುತ್ತದೆ.

ಬಟ್ಟೆಯ ವಿಷಯ. ಮೊದಲು ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಆಗಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ಮಾಡಿದ್ದಕ್ಕೂ ಪಾಲಿಯೆಸ್ಟರಿಗೂ ದಾರಿ ಬಿಟ್ಟಿತು. ಕಾನೂನಿಗೆ ಎರಡೂ ಸರಿ. ನನ್ನನ್ನು ಕೇಳಿದರೆ ಸರ್ಕಾರಿ ಕಟ್ಟಡಕ್ಕೆ ಖಾದಿಯೇ ಇರಲಿ. ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನ್ಯತೆ ಪಡೆದು ಖಾದಿ ರಾಷ್ಟ್ರಧ್ವಜ ಮಾಡುವ ಜಾಗ ಎಂದು ದೇಶಕ್ಕೆಲ್ಲ ಗೊತ್ತಿರುವುದು ಅದೇ. ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ. ಪಾಲಿಯೆಸ್ಟರ್ ಬಂದಾಗ ಅಲ್ಲಿನವರು ಪ್ರತಿಭಟನೆ ಮಾಡಿದ್ದರು, ಅವರ ಸಿಟ್ಟು ನ್ಯಾಯವಾದದ್ದೇ.

ಬಾವುಟ ಕೈಗೆ ಬಂದ ಕೂಡಲೇ ಬಿಲ್ಲಿಗೆ ಸಹಿ ಹಾಕಬೇಡಿ. ಬಿಚ್ಚಿ ಮೇಜಿನ ಮೇಲೆ ಹಾಸಿ. ಮೂರು ಪಟ್ಟಿ ಒಂದೇ ಅಗಲ ಇವೆಯಾ ನೋಡಿ. ಚಕ್ರದ ಗೆರೆ ಎಣಿಸಿ, 24 ಇರಬೇಕು. ಚಕ್ರ ಎರಡೂ ಬದಿಯಲ್ಲಿ, ನಟ್ಟನಡುವೆ ಇರಬೇಕು. ಅಗ್ಗದ ಬಾವುಟಗಳಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಹಬ್ಬದ ಹಿಂದಿನ ದಿನ ಕೊಂಡರೆ ಬದಲಿಸಲು ಸಮಯ ಸಿಗುವುದಿಲ್ಲ. ಎರಡು ತಂದಿಡಿ, ಒಂದು ಕಂಬಕ್ಕೆ, ಒಂದು ಬೀರುವಿಗೆ.

ಪ್ಲಾಸ್ಟಿಕ್ ಬಾವುಟ ಬೇಡವೇ ಬೇಡ.

ಐದನೇ ಹೆಜ್ಜೆ: ದಿನವೂ ಏರಿಸಿ ಇಳಿಸುವುದು

ಕೇಸರಿ ಮೇಲೆ. ಇದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ವರ್ಷ ಯಾವುದೋ ಊರಿನಲ್ಲಿ ಹಸಿರು ಮೇಲೆ ಹೋಗುತ್ತದೆ. ಕಾರಣ ಸರಳ. ಗಣರಾಜ್ಯೋತ್ಸವಕ್ಕೆ ಬಾವುಟವನ್ನು ಮಡಿಸಿ, ಹೂವಿನ ಪಕಳೆ ಹಾಕಿ, ಗಂಟು ಕಟ್ಟಿ ತುದಿಗೆ ಏರಿಸಿರುತ್ತಾರೆ. ಕಟ್ಟಿದ ಮೇಲೆ ಯಾವ ತುದಿ ಮೇಲೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ನಾನು ಮಾಡುತ್ತಿದ್ದದ್ದು ಇಷ್ಟು. ಬಾವುಟದ ಹಗ್ಗ ಹೊಲಿದ ಅಂಚಿನಲ್ಲಿ ಕೇಸರಿ ಕಡೆ ಮರದ ಪುಟ್ಟ ತುಂಡೊಂದು ಇರುತ್ತದೆ, ಹಸಿರು ಕಡೆ ಬರೀ ಹಗ್ಗ. ಮರದ ತುಂಡು ಮೇಲೆ ಹೋಗುವ ಹಗ್ಗದ ಕುಣಿಕೆಗೆ. ಆ ಕುಣಿಕೆಗೆ ಕೆಂಪು ದಾರ ಸುತ್ತಿಟ್ಟಿದ್ದೆ. ಮರದ ತುಂಡು ಇಲ್ಲದ ಬಾವುಟವಾದರೆ ಕೇಸರಿ ಮೂಲೆಗೂ ಅದೇ ದಾರದ ಒಂದು ಹೊಲಿಗೆ. ಕಣ್ಣು ಮುಚ್ಚಿ ಕಟ್ಟಿದರೂ ತಪ್ಪುವುದಿಲ್ಲ. ಗಂಟು ಜಾರುಗಂಟಾಗಿರಲಿ, ಹಿಂದಿನ ಸಂಜೆ ಹಳೆ ಬಟ್ಟೆ ಕಟ್ಟಿ ಒಂದು ಸಲ ಎಳೆದು ನೋಡಿ. ಹೂವು ಒದ್ದೆ ಇದ್ದರೆ ಗಂಟು ಬಿಚ್ಚಿಕೊಳ್ಳುವುದಿಲ್ಲ, ಪಕಳೆ ಕಡಿಮೆ ಹಾಕಿ.

ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಇಳಿಸುವಾಗ ಇಬ್ಬರಿರಲಿ, ಒಬ್ಬರು ಹಗ್ಗ ಬಿಡುತ್ತಾ ಬಂದರೆ ಇನ್ನೊಬ್ಬರು ಕೈಯಲ್ಲಿ ಹಿಡಿದುಕೊಳ್ಳಲಿ. ನೆಲಕ್ಕೆ ತಾಗುವ ಮಾತೇ ಬರುವುದಿಲ್ಲ. ಮಡಿಸುವಾಗ ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಸಿ, ಆಮೇಲೆ ಎರಡೂ ಕಡೆಯಿಂದ ನಡುವಿಗೆ ತನ್ನಿ. ಕೊನೆಗೆ ಚಕ್ರ ಮೇಲೆ ಕಾಣಬೇಕು.

ಸಂಜೆ ಎಷ್ಟು ಹೊತ್ತಿಗೆ? ಕಚೇರಿ ಮುಚ್ಚುವ ಹೊತ್ತಿಗೆ ಅಲ್ಲ, ಸೂರ್ಯ ಮುಳುಗುವ ಹೊತ್ತಿಗೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಮುಳುಗಿರುತ್ತಾನೆ, ಜೂನಿನಲ್ಲಿ ಏಳರ ಹತ್ತಿರ. 'ಈಗ ರಾತ್ರಿಯೂ ಹಾರಿಸಬಹುದಂತಲ್ಲ' ಎಂದು ಕೇಳುತ್ತಾರೆ. 2022ರ ಜುಲೈಯಲ್ಲಿ ತಿದ್ದುಪಡಿ ಬಂದದ್ದು ನಿಜ. ಬಯಲಿನಲ್ಲಿ ಅಥವಾ ಜನರ ಮನೆ ಮೇಲೆ ಹಗಲು ರಾತ್ರಿ ಹಾರಿಸಬಹುದು ಎನ್ನುತ್ತದೆ. ಆದರೆ ಅದು ಬಂದದ್ದು ಎರಡನೇ ಭಾಗದಲ್ಲಿ. ಮೂರನೇ ಭಾಗದಲ್ಲಿ ಸರ್ಕಾರಿ ಕಟ್ಟಡಕ್ಕೆ ರಾತ್ರಿ ಎಂದರೆ ತೀರಾ ವಿಶೇಷ ಸಂದರ್ಭಕ್ಕೆ ಮಾತ್ರ. ಭಾರೀ ಎತ್ತರದ ಸ್ಮಾರಕ ಕಂಬಗಳ ಕಥೆ ಬೇರೆ. ಬೆಳಗಾವಿಯ ಕೋಟೆಕೆರೆಯಲ್ಲಿ 110 ಮೀಟರ್ ಕಂಬ ಇದೆಯಲ್ಲ, ಅಂಥವಕ್ಕೆ ಸರಿಯಾದ ಬೆಳಕು, ಕರೆಂಟ್ ಹೋದರೆ ಬದಲಿ ವ್ಯವಸ್ಥೆ ಎಲ್ಲ ಬೇಕು. ಕಚೇರಿ ಕಂಬಕ್ಕೆ ಹಾಗೆ ದೀಪ ಹಾಕಿಸುವ ಉಸಾಬರಿ ಯಾಕೆ? ಸಂಜೆ ಇಳಿಸಿ.

ಗೋಡೆಗೆ ಒಂದು ರಿಜಿಸ್ಟರ್ ತೂಗುಹಾಕಿ. ತಾರೀಖು, ಏರಿಸಿದ ಹೊತ್ತು, ಇಳಿಸಿದ ಹೊತ್ತು, ಸಹಿ. ವಾಟರ್‌ಮ್ಯಾನ್, ಬಿಲ್ ಕಲೆಕ್ಟರ್, ಅಟೆಂಡರ್ ಮೂವರ ಹೆಸರಲ್ಲಿ ಪಾಳಿ ಹಾಕಿ ಕಚೇರಿ ಆದೇಶ ಮಾಡಿ. ಬಾಯಿಮಾತಿನಲ್ಲಿ 'ನೋಡ್ಕೊಳಪ್ಪ' ಅಂದರೆ ಆ ಕೆಲಸ ಯಾರದ್ದೂ ಅಲ್ಲ.

ಬಣ್ಣ ಮಾಸಿದ, ಅಂಚು ಹರಿದ ಬಾವುಟ ಹಾರಿಸಬಾರದು. ಅದನ್ನು ಇಡಿಯಾಗಿ, ಯಾರೂ ಇಲ್ಲದ ಕಡೆ, ಗೌರವದಿಂದ ಸುಟ್ಟುಬಿಡಬೇಕು. ಕಚೇರಿ ಮೇಜು ಒರೆಸಲು, ಪ್ರತಿಮೆಗೆ ಹೊದಿಸಿ ಅನಾವರಣ ಮಾಡಲು ಬಳಸಬಾರದು. ಎರಡನ್ನೂ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಆರನೇ ಹೆಜ್ಜೆ: ಅರ್ಧಕ್ಕೆ ಇಳಿಸುವುದು

ಇದರಲ್ಲಿ ಒಳ್ಳೆಯ ಮನಸ್ಸಿನವರೇ ತಪ್ಪು ಮಾಡುವುದು ಜಾಸ್ತಿ. ಊರಿನ ಹಿರಿಯರೊಬ್ಬರು, ಮಾಜಿ ಅಧ್ಯಕ್ಷರು ತೀರಿಕೊಂಡರು. 'ಬಾವುಟ ಅರ್ಧಕ್ಕೆ ಇಳಿಸಿ' ಎಂದು ಸದಸ್ಯರು ಹೇಳುತ್ತಾರೆ. ಆಗುವುದಿಲ್ಲ. ಸರ್ಕಾರದ ಸೂಚನೆ ಇಲ್ಲದೆ ಅರ್ಧಕ್ಕೆ ಹಾರಿಸುವುದನ್ನು 1971ರ ಕಾಯ್ದೆ ಅವಮಾನದ ಪಟ್ಟಿಯಲ್ಲೇ ಸೇರಿಸಿದೆ. ಸಂತಾಪ ಸಭೆ ಮಾಡಿ, ಮೌನ ಆಚರಿಸಿ. ಕಂಬ ಮುಟ್ಟಬೇಡಿ.

ಯಾರಿಗೆ, ಎಲ್ಲಿ ಎಂಬುದಕ್ಕೆ ಪಟ್ಟಿಯಿದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ತೀರಿಕೊಂಡರೆ ದೇಶದಾದ್ಯಂತ. ಲೋಕಸಭೆಯ ಸ್ಪೀಕರ್, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರೆ ದೆಹಲಿಯಲ್ಲಿ. ಕೇಂದ್ರ ಸಂಪುಟ ಸಚಿವರಾದರೆ ದೆಹಲಿ ಮತ್ತು ರಾಜ್ಯಗಳ ರಾಜಧಾನಿಗಳಲ್ಲಿ. ರಾಜ್ಯಪಾಲ, ಮುಖ್ಯಮಂತ್ರಿಯಾದರೆ ಆ ರಾಜ್ಯದಲ್ಲೆಲ್ಲ. ಉಳಿದವರಿಗೆ ಪ್ರತ್ಯೇಕ ಆದೇಶ ಬರುತ್ತದೆ. 2024ರ ಡಿಸೆಂಬರಿನಲ್ಲಿ ಎಸ್.ಎಂ. ಕೃಷ್ಣ ಹೋದಾಗ ರಾಜ್ಯದಲ್ಲಿ ಮೂರು ದಿನ ಶೋಕಾಚರಣೆ, ಅದೇ ತಿಂಗಳು ಮನಮೋಹನ್ ಸಿಂಗ್ ಹೋದಾಗ ದೇಶಕ್ಕೆ ಏಳು ದಿನ. ಟಿವಿಯಲ್ಲಿ ಸುದ್ದಿ ನೋಡಿ ಹಗ್ಗ ಎಳೆಯಬೇಡಿ, ಸುತ್ತೋಲೆ ಬರಲಿ. ಈಗೆಲ್ಲ ಅರ್ಧ ಗಂಟೆಯಲ್ಲಿ ಬರುತ್ತದೆ.

ಕ್ರಮ ಹೀಗೆ. ಮೊದಲು ಬಾವುಟವನ್ನು ಪೂರ್ತಿ ತುದಿಗೆ ಏರಿಸಬೇಕು, ಅಲ್ಲಿಂದ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮೊದಲು ಮತ್ತೆ ತುದಿಗೆ ಮುಟ್ಟಿಸಿ, ಆಮೇಲೆ ಕೆಳಗೆ. ನೇರವಾಗಿ ಅರ್ಧಕ್ಕೆ ಕಟ್ಟಿ ಬಿಡುವುದು ತಪ್ಪು.

ಶೋಕದ ದಿನ ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ಏಪ್ರಿಲ್ 6ರಿಂದ 13ರ ರಾಷ್ಟ್ರೀಯ ಸಪ್ತಾಹ ಅಥವಾ ರಾಜ್ಯೋತ್ಸವದ ಜೊತೆ ಬಂದರೆ? ಆ ದಿನಗಳಲ್ಲಿ ಅರ್ಧಕ್ಕೆ ಇಳಿಸುವಂತಿಲ್ಲ. ಪಾರ್ಥಿವ ಶರೀರ ಇಟ್ಟ ಕಟ್ಟಡದ ಮೇಲೆ ಮಾತ್ರ ಇಳಿದಿರುತ್ತದೆ, ಶರೀರ ಹೊರಟ ಮೇಲೆ ಅಲ್ಲೂ ತುದಿಗೆ ಏರುತ್ತದೆ.

ಏಳನೇ ಹೆಜ್ಜೆ: ಬೇರೆ ಬಾವುಟಗಳು

ಈಗ ಆ ಹುಡುಗನ ಪ್ರಶ್ನೆಗೆ ಬರೋಣ.

ಸಂಹಿತೆಯ ಮಾತು ಮೂರು. ರಾಷ್ಟ್ರಧ್ವಜ ಹಾರುವ ಕಂಬದಲ್ಲೇ ಇನ್ನೊಂದು ಬಾವುಟ ಕೂಡದು. ಬೇರೆ ಯಾವ ಬಾವುಟವೂ ಅದಕ್ಕಿಂತ ಎತ್ತರದಲ್ಲಿ ಇರಕೂಡದು. ಅದರ ಪಕ್ಕದಲ್ಲೇ ಸಾಲಾಗಿಯೂ ಇರಕೂಡದು, ಸಂಹಿತೆಯೇ ಹೇಳಿದ ಸಂದರ್ಭ ಬಿಟ್ಟು. ಆ ಸಂದರ್ಭಗಳು ಎಂದರೆ ಮುಖ್ಯವಾಗಿ ಬೇರೆ ದೇಶಗಳ ಬಾವುಟಗಳು, ವಿಶ್ವಸಂಸ್ಥೆಯ ಬಾವುಟ. ದೇಶಗಳದ್ದು ಎಲ್ಲ ಒಂದೇ ಅಳತೆ, ಒಂದೇ ಎತ್ತರ, ನಮ್ಮದು ಬಲಗಡೆಯ ತುದಿಗೆ. ಬಲ ಯಾವುದು ಎಂದು ಗೊಂದಲವಾದರೆ ಕಟ್ಟಡಕ್ಕೆ ಬೆನ್ನು ಮಾಡಿ ಜನರ ಕಡೆ ಮುಖ ಮಾಡಿ ನಿಂತುಕೊಳ್ಳಿ. ನಿಮ್ಮ ಬಲಗೈ ಕಡೆಯೇ ಬಲ. ಎದುರಿಗೆ ನಿಂತ ಫೋಟೊಗ್ರಾಫರನಿಗೆ ಅದು ಎಡ.

ಕನ್ನಡ ಬಾವುಟ ಎಲ್ಲಿ ನಿಲ್ಲುತ್ತದೆ? ಮ. ರಾಮಮೂರ್ತಿಯವರು ರೂಪಿಸಿದ ಅರಿಶಿನ-ಕುಂಕುಮದ ಬಾವುಟ ಅರವತ್ತರ ದಶಕದಿಂದ ನಮ್ಮ ಜೊತೆಗಿದೆ. ಆಟೋ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಎದೆಯ ಮೇಲೆ. ಆದರೆ ಅದಕ್ಕೆ ರಾಜ್ಯದ ಅಧಿಕೃತ ಧ್ವಜ ಎಂಬ ಪಟ್ಟ ಸಿಕ್ಕಿಲ್ಲ. 2012ರಲ್ಲಿ ಆಗಿನ ಮುಖ್ಯಮಂತ್ರಿ ಡಿ.ವಿ. ಸದಾನಂದಗೌಡರು ರಾಜ್ಯೋತ್ಸವದ ದಿನ ಸರ್ಕಾರಿ ಕಟ್ಟಡಗಳ ಮೇಲೆ ಇದನ್ನು ಹಾರಿಸುವುದು ಕಡ್ಡಾಯ ಎಂದು ಬಜೆಟ್ಟಿನಲ್ಲಿ ಹೇಳಿದರು. ವಿಷಯ ಹೈಕೋರ್ಟಿಗೆ ಹೋಯಿತು, ಸರ್ಕಾರ ಸುತ್ತೋಲೆ ವಾಪಸ್ ಪಡೆಯಿತು. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಮಿತಿ ಮಾಡಿತು. 2018ರ ಮಾರ್ಚ್ 8ರಂದು ಹೊಸ ನಾಡಧ್ವಜ ತೋರಿಸಿದರು. ಹಳದಿ, ಬಿಳಿ, ಕೆಂಪು, ಬಿಳಿಯ ನಡುವೆ ಗಂಡಭೇರುಂಡದ ಲಾಂಛನ. ಅದು ಒಪ್ಪಿಗೆಗೆ ಕೇಂದ್ರಕ್ಕೆ ಹೋಯಿತು, ಒಪ್ಪಿಗೆ ಬರಲಿಲ್ಲ. ಆ ಮೂರು ಬಣ್ಣದ್ದನ್ನು 'ಇದು ಸರ್ಕಾರದ್ದೇ' ಎಂದು ತಂದು ಕೊಟ್ಟರೆ ನಂಬಿ ಕಟ್ಟಬೇಡಿ. ಜಮ್ಮು ಕಾಶ್ಮೀರಕ್ಕೆ 370ನೇ ವಿಧಿಯ ಕಾಲದಲ್ಲಿ ಪ್ರತ್ಯೇಕ ರಾಜ್ಯಧ್ವಜ ಇತ್ತು, 2019ರ ಆಗಸ್ಟಿನಲ್ಲಿ ಶ್ರೀನಗರದ ಸಚಿವಾಲಯದಿಂದ ಅದೂ ಇಳಿಯಿತು.

ಹಾಗಾದರೆ ಕನ್ನಡ ಬಾವುಟ ಹಾರಿಸಬಾರದಾ? ಹಾಗಲ್ಲ. ಅದನ್ನು ಹಾರಿಸುವುದು ಅಪರಾಧ ಎನ್ನುವ ಕಾನೂನು ಇಲ್ಲ. ಕಟ್ಟಡದ ತಲೆಯ ಮೇಲಿನ ಕಂಬ ರಾಷ್ಟ್ರಧ್ವಜಕ್ಕೆ ಬಿಡಿ. ಕನ್ನಡ ಬಾವುಟಕ್ಕೆ ಅಂಗಳದಲ್ಲಿ, ಗೇಟಿನ ಹತ್ತಿರ, ದೂರದಲ್ಲಿ, ಎತ್ತರ ಕಡಿಮೆ ಇರುವ ಬೇರೆ ಕಂಬ ಮಾಡಿ. ಸಮಾರಂಭ ಮುಗಿದ ಮೇಲೆ ಅದನ್ನೂ ಮಡಿಸಿ ಒಳಗಿಡಿ. ನನಗೂ ಆ ಬಾವುಟ ಎಂದರೆ ಪ್ರೀತಿಯೇ. ಬಿಸಿಲಿಗೆ ಬೆಳ್ಳಗಾಗಿ, ಅರ್ಧ ಹರಿದು ತಂತಿಗೆ ಸಿಕ್ಕಿಕೊಂಡಿರುವ ಕನ್ನಡ ಬಾವುಟ ಕಂಡರೆ ಸಂಕಟವಾಗುತ್ತದೆ. ಹಾರಿಸಿದವರು ಮುಂದಿನ ನವೆಂಬರ್‌ವರೆಗೆ ಆ ಕಡೆ ತಲೆ ಹಾಕಿರುವುದಿಲ್ಲ.

ಗಡಿಭಾಗದಲ್ಲಿ ಇದು ಇನ್ನೂ ಸೂಕ್ಷ್ಮ. 2020ರ ಡಿಸೆಂಬರಿನಲ್ಲಿ ಬೆಳಗಾವಿ ಮಹಾನಗರ ಪಾಲಿಕೆ ಕಚೇರಿ ಎದುರು ಕನ್ನಡ ಕಾರ್ಯಕರ್ತರು ಕಂಬ ನೆಟ್ಟು ಬಾವುಟ ಹಾರಿಸಿದರು. ತೆಗೆಯಿರಿ ಎಂದು ಎಂಇಎಸ್ (ಮಹಾರಾಷ್ಟ್ರ ಏಕೀಕರಣ ಸಮಿತಿ), ತೆಗೆದರೆ ನೋಡಿ ಎಂದು ಇವರು. ನೆಡುವುದಕ್ಕೆ ಒಂದು ಬೆಳಗ್ಗೆ ಸಾಕು, ಆಮೇಲಿನ ಕಾವಲಿಗೆ ಪೊಲೀಸರು ತಿಂಗಳುಗಟ್ಟಲೆ ಬೇಕು.

ಪಕ್ಷದ ಬಾವುಟ, ಜಾತಿ ಸಂಘದ ಬಾವುಟ, ಧರ್ಮದ ಬಾವುಟ, ನೌಕರರ ಸಂಘದ ಬಾವುಟ, ಇವುಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಕೇಸರಿ ಇರಲಿ, ಹಸಿರು ಇರಲಿ, ನೀಲಿ ಇರಲಿ, ಕೆಂಪಿರಲಿ, ಕೇಳುವ ಪ್ರಶ್ನೆ ಒಂದೇ: 'ಆದೇಶ ಎಲ್ಲಿದೆ?' ಕಟ್ಟಡ ಎಲ್ಲರದ್ದು, ಕಾಗದ ಇಲ್ಲದೆ ಯಾರದ್ದೂ ಮೇಲೆ ಹೋಗುವುದಿಲ್ಲ. ಒಬ್ಬರಿಗೆ ಇಲ್ಲ ಎಂದು ಇನ್ನೊಬ್ಬರಿಗೆ ಕಣ್ಣು ಮುಚ್ಚಿದಿರೋ, ಮುಗಿಯಿತು.

ಎಂಟನೇ ಹೆಜ್ಜೆ: ಕಂಬ ನೆಡುತ್ತೇವೆ ಎಂದು ಅರ್ಜಿ ಬಂದರೆ

ಮಂಡ್ಯದ ಕೆರಗೋಡು ನೆನಪಿರಬೇಕಲ್ಲ. ಪಂಚಾಯಿತಿ ಜಾಗದಲ್ಲಿ 108 ಅಡಿಯ ಧ್ವಜಕಂಬ. ಅನುಮತಿ ಇದ್ದದ್ದು ರಾಷ್ಟ್ರಧ್ವಜ ಮತ್ತು ಕನ್ನಡ ಬಾವುಟಕ್ಕೆ ಎಂದು ಅಧಿಕಾರಿಗಳು ಹೇಳಿದರು. ಹಾರಿದ್ದು ಹನುಮಧ್ವಜ. 2024ರ ಜನವರಿ 28ರಂದು ಪೊಲೀಸ್ ಬಂದೋಬಸ್ತಿನಲ್ಲಿ ಅದನ್ನು ಇಳಿಸಿ ರಾಷ್ಟ್ರಧ್ವಜ ಏರಿಸಿದರು. ಲಾಠಿ ಏಟು, ಬಂದ್, ರಾಜಕೀಯ ಎಲ್ಲ ಆಯಿತು. ಸರಿ ಯಾರು ತಪ್ಪು ಯಾರು ಎಂದು ಇಲ್ಲಿ ತೀರ್ಪು ಕೊಡುವುದಿಲ್ಲ. ಅಮಾನತಾದದ್ದು ಪಿಡಿಒ ಎನ್ನುವುದನ್ನು ಮಾತ್ರ ನೆನಪಿಡಿ.

ಹಾಗಾಗಿ ಅರ್ಜಿ ಬಂದಾಗ ಅವಸರ ಬೇಡ. ಮೊದಲು ಜಾಗ ಯಾರದ್ದು ನೋಡಿ. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗದಲ್ಲಿ ಪ್ರತಿಮೆಗೋ ಕಟ್ಟೆಗೋ ಅನುಮತಿ ಕೊಡಬೇಡಿ ಎಂದು 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಸರ್ಕಲ್ ಮಧ್ಯೆ ಕಟ್ಟೆ ಕಟ್ಟಿ ಕಂಬ ನೆಡುವ ಆಸೆಯವರಿಗೆ ಆ ಆದೇಶದ ಪ್ರತಿ ಕೊಡಿ. ಜಾಗ ಪಂಚಾಯಿತಿಯದ್ದೇ ಆಗಿದ್ದರೆ ಸಾಮಾನ್ಯ ಸಭೆಗೆ ಇಡಿ. ನಡಾವಳಿಯಲ್ಲಿ 'ಧ್ವಜಸ್ತಂಭಕ್ಕೆ ಅನುಮತಿ ನೀಡಲಾಗಿದೆ' ಎಂದಷ್ಟೇ ಬರೆದರೆ ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕಿಕೊಂಡಂತೆ. ಯಾವ ಬಾವುಟ, ಹೆಸರು ಹಿಡಿದು ಬರೆಯಿರಿ. ಎಷ್ಟು ಎತ್ತರ, ದಿನವೂ ಏರಿಸಿ ಇಳಿಸುವವರು ಯಾರು, ಹರಿದರೆ ಹೊಸದಕ್ಕೆ ದುಡ್ಡು ಯಾರದ್ದು, ಕಂಬ ಪಂಚಾಯಿತಿಯ ಆಸ್ತಿಯೋ ಸಂಘದ್ದೋ, ಬೇರೆ ಬಾವುಟ ಹಾರಿದರೆ ತೆರವು ಮಾಡುವ ಅಧಿಕಾರ ಯಾರದ್ದು, ಎಲ್ಲ ಬರಲಿ. ಸಂಘದವರಿಂದ ಮುಚ್ಚಳಿಕೆ ಬರೆಸಿಕೊಳ್ಳಿ. ಒಂದು ಪ್ರತಿ ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿಗೆ), ಒಂದು ಠಾಣೆಗೆ.

ಬೆಳಗಾಗುವಷ್ಟರಲ್ಲಿ ಯಾರೋ ಯಾವುದೋ ಬಾವುಟ ಕಟ್ಟಿ ಹೋಗಿದ್ದರೆ? ಒಬ್ಬರೇ ಹೋಗಿ ಕಿತ್ತು ಹಾಕಬೇಡಿ. ಫೋಟೊ ತೆಗೆಯಿರಿ, ಇಒಗೆ ಮತ್ತು ಠಾಣೆಗೆ ಲಿಖಿತವಾಗಿ ತಿಳಿಸಿ. ಊರಿನ ಇಬ್ಬರು ಹಿರಿಯರನ್ನು ಕರೆದು ಪಂಚನಾಮೆ ಮಾಡಿ, ಅವರ ಎದುರಿಗೇ ಇಳಿಸಿ. ಇಳಿಸಿದ್ದನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಯಾರ ಬಾವುಟವೇ ಆಗಿರಲಿ, ಮಡಿಸಿ, ಬರೆಸಿಕೊಂಡು, ತಂದವರ ಕೈಗೆ ಕೊಡಿ. ಎಷ್ಟೋ ಸಲ ಜಗಳ ಶುರುವಾಗುವುದು ಇಳಿಸಿದ್ದಕ್ಕಲ್ಲ, ಎಸೆದದ್ದಕ್ಕೆ.

ಆ ರಾತ್ರಿ ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. "ಗೇಟಿನ ಹತ್ತಿರ ಒಂದು ಬಿದಿರು ನೆಡಿಸು, ಆಫೀಸಿನ ಕಂಬಕ್ಕಿಂತ ಗಿಡ್ಡ ಇರಲಿ, ಸಂಘದವರ ಹತ್ತಿರವೇ ಇಳಿಸುವ ಜವಾಬ್ದಾರಿ ಬರೆಸಿಕೊ" ಅಂದೆ. ಮರುದಿನ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ಫೋಟೊ ಬಂತು. ಮೇಲೆ ರಾಷ್ಟ್ರಧ್ವಜ, ಕೇಸರಿ ಮೇಲೇ ಇದೆ. ದೂರದಲ್ಲಿ ಬಿದಿರಿಗೆ ಕನ್ನಡ ಬಾವುಟ. ಮಕ್ಕಳು, ಭುವನೇಶ್ವರಿ ಫೋಟೊ, ಶಲ್ಯ ಹೊದ್ದ ಅಧ್ಯಕ್ಷರು. ಕೆಳಗೆ "ಎಲ್ಲ ಸರಿ ಇದೆಯಾ ಸಾರ್?" ಎಂದು ಬರೆದಿದ್ದ.

ಫೋಟೊ ದೊಡ್ಡದು ಮಾಡಿ ನೋಡಿದೆ. ಧ್ವಜಕಂಬದ ತುದಿಗೆ ಯಾರೋ ಭಕ್ತಿಯಿಂದ ಚೆಂಡುಹೂವಿನ ದಪ್ಪ ಹಾರ ಏರಿಸಿದ್ದರು.

"ಆ ಹಾರ ತೆಗೆಸು" ಎಂದು ಬರೆದೆ.